ಕಂಬ ಬಂತು, ಕಟ್ಟೆ ಬರಲಿಲ್ಲ

ಅಪ್ಪ ತೀರಿಹೋದ ಮೇಲೆ ಜಮೀನಿನ ಖಾತೆಯನ್ನು ಅವ್ವನ ಹೆಸರಿಗೆ ಮಾಡಿಸಬೇಕಿತ್ತು. ಪೌತಿ ಖಾತೆ ಅಂತಾರಲ್ಲ, ಅದು. ಬೆಂಗಳೂರಿಂದ ರಜೆ ಹಾಕಿ ಮೂರು ಸಲ ಊರಿಗೆ ಹೋದೆ. ಮೂರು ಸಲವೂ ಅವ್ವನನ್ನು ಕರೆದುಕೊಂಡು ತಾಲ್ಲೂಕು ಕಚೇರಿಗೆ ಅಲೆದೆ. ಯಾವ ತಾಲ್ಲೂಕು ಅಂತ ಹೇಳಲ್ಲ. ನಮ್ಮೂರಿಂದ ಅರಸೀಕೆರೆ ಸ್ಟೇಷನ್ನಿಗೆ ಬಸ್ಸಲ್ಲಿ ಒಂದು ಗಂಟೆ. ಆ ಸ್ಟೇಷನ್ನನ್ನೇ ನಂಬಿಕೊಂಡಿರೋ ತಾಲ್ಲೂಕುಗಳು ಸುತ್ತಮುತ್ತ ನಾಲ್ಕೈದು ಇವೆ, ಅದರಲ್ಲೊಂದು. ಅಲ್ಲಿ ಕೆಲಸ ಮಾಡುವವರ ಮೇಲೆ ನನಗೆ ಅಂಥಾ ದೂರೇನೂ ಇಲ್ಲ. ಒಂದೇ ಮೇಜಿನ ಮೇಲೆ ಮೂರು ಜನರ ಕೆಲಸ ಹೇರಿಕೊಂಡು ಕೂತಿದ್ದರು ಪಾಪ. ನನ್ನ ದೂರು ಇರುವುದು ಕಟ್ಟಡದ ಮೇಲೆ.

ಕಟ್ಟಡದ ಹೆಸರು ಮಿನಿ ವಿಧಾನಸೌಧ. ಈಚೆಗೆ ಬೋರ್ಡಿನಲ್ಲಿ ತಾಲ್ಲೂಕು ಆಡಳಿತ ಸೌಧ ಅಂತ ಬರೆಸಿದ್ದಾರೆ, ಆಟೋದವನಿಗೆ ಮಾತ್ರ ಹಳೇ ಹೆಸರೇ ಹೇಳಬೇಕು. ಎದುರಿಗೆ ಎರಡಂತಸ್ತಿನ ಎತ್ತರಕ್ಕೆ ನಾಲ್ಕು ದಪ್ಪ ಕಂಬ. ನೆತ್ತಿಯ ಮೇಲೊಂದು ಗುಮ್ಮಟ. ಹತ್ತಲಿಕ್ಕೆ ಹದಿನೈದೋ ಹದಿನಾರೋ ಮೆಟ್ಟಿಲು. ಫೋಟೋ ತೆಗೆದರೆ ಚೆನ್ನಾಗೇ ಬರುತ್ತೆ. ಒಳಗೆ ಹೋದರೆ ಹಗಲಲ್ಲೂ ಟ್ಯೂಬ್‌ಲೈಟ್ ಉರಿಸಬೇಕಾದ ಉದ್ದನೆ ಓಣಿ, ಎರಡೂ ಕಡೆ ಬಾಗಿಲು. ಆ ಓಣಿಯಲ್ಲಿ ಮೂರು ಸೀಟಿನ ಸ್ಟೀಲ್ ಬೆಂಚು ಒಂದು, ಅದರಲ್ಲೂ ನಡುವಿನ ಸೀಟು ಕಿತ್ತುಹೋಗಿದೆ.

ಹಾಗಾಗಿ ಜನ ಮೆಟ್ಟಿಲ ಮೇಲೆ ಕೂರ್ತಾರೆ. ಬೆಳಗ್ಗೆ ಹನ್ನೊಂದಕ್ಕೆ ಅಲ್ಲಿ ಬಿಸಿಲು. ಎರಡಂತಸ್ತು ಎತ್ತರದ ಪೋರ್ಟಿಕೋ ನೆರಳು ಕೊಡುವುದು ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಒಂದಿಷ್ಟು ಹೊತ್ತು ಮಾತ್ರ. ಸಾಹೇಬರ ಜೀಪು ಬಂದಾಗೆಲ್ಲ ಒಬ್ಬರು ಬಂದು, "ಏಳ್ರಿ, ದಾರಿ ಬಿಡ್ರಿ" ಅಂತ ಎಬ್ಬಿಸುತ್ತಾರೆ. ಎದ್ದು, ಜೀಪು ಹೋದಮೇಲೆ ಮತ್ತೆ ಕೂರುವುದು. ಅವ್ವನಿಗೆ ಮಂಡಿ ನೋವು, ಒಮ್ಮೆ ಕೂತರೆ ಏಳೋದು ಕಷ್ಟ. ಎರಡು ಸಲ ಎದ್ದು ಕೂತ ಮೇಲೆ ಮೂರನೇ ಸಲ ಅವಳು ಮೆಟ್ಟಿಲ ಹತ್ತಿರಕ್ಕೇ ಬರಲಿಲ್ಲ. ಸ್ಕೂಟರ್ ನಿಲ್ಲಿಸುವ ಶೀಟಿನ ಕೆಳಗೆ ಹೋಗಿ, ಯಾರದೋ ಬೈಕಿಗೆ ಒರಗಿ ನಿಂತಳು. ಅಲ್ಲಿಂದಲೇ ಕಟ್ಟಡವನ್ನು ಮೇಲಿಂದ ಕೆಳಗೆ ನೋಡಿ, "ದೇವಸ್ಥಾನ ಇದ್ದಂಗೇ ಅದೆ ಕಣಪ್ಪ. ಕುಂತ್ಕಳಕ್ಕೆ ಮಾತ್ರ ಜಾಗಿಲ್ಲ" ಅಂದಳು.

ಈ ಲೇಖನ ಹುಟ್ಟಿದ್ದು ಆ ಮಾತಿಂದ.

ಮೂರನೇ ಸಲ ಅವ್ವನನ್ನೂ ಕಣ್ಣು ತೋರಿಸಲಿಕ್ಕೆ ಅಂತ ಬೆಂಗಳೂರಿಗೆ ಹೊರಡಿಸಿದ್ದೆ. ಅರಸೀಕೆರೆಯಲ್ಲಿ ರೈಲಿಗೆ ಎರಡು ಗಂಟೆಗೂ ಹೆಚ್ಚು ಹೊತ್ತಿತ್ತು. ಶಿವಾಲಯ ನೋಡಿ ಬರೋಣ ಅಂತ ಆಟೋ ಮಾಡಿದೆ. ಬೇಲೂರು ಹಳೇಬೀಡಿಗೆ ಬರುವವರಲ್ಲಿ ಅರಸೀಕೆರೆಯ ಶಿವಾಲಯಕ್ಕೆ ಇಳಿಯೋರು ಕಡಿಮೆ. 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಹೊಯ್ಸಳ ದೇವಸ್ಥಾನಗಳು ಬೇಲೂರು, ಹಳೇಬೀಡು, ಸೋಮನಾಥಪುರ ಮೂರೇ, ನಮ್ಮ ಅರಸೀಕೆರೆ ಅದರಲ್ಲಿಲ್ಲ. ಈ ಶಿವಾಲಯ 1220ರ ಸುಮಾರಿನದು. ಅದೇ ಕಾಲದಲ್ಲಿ ರೇಚರಸ ಅನ್ನುವ ಅಧಿಕಾರಿ ಇದೇ ಊರಲ್ಲಿ ಸಹಸ್ರಕೂಟ ಜಿನಾಲಯವನ್ನೂ ಕಟ್ಟಿಸಿದ. ಅಂದರೆ ಆಗ ಅರಸೀಕೆರೆ ರೈಲು ಬದಲಾಯಿಸುವ ಊರಾಗಿರಲಿಲ್ಲ, ದುಡ್ಡಿದ್ದವರು ಮನಸಿಟ್ಟು ಕಟ್ಟಿಸುವಂಥ ಪಟ್ಟಣ ಆಗಿತ್ತು.

ಶಿವಾಲಯದ ಮುಂದೆ ಒಂದು ತೆರೆದ ಮಂಟಪ ಇದೆ. ಮೇಲಿಂದ ನೋಡಿದರೆ ಹದಿನಾರು ಮೂಲೆಯ ನಕ್ಷತ್ರ. ನಡುವೆ ಎಂಟು ಕಂಬದ ಮೇಲೆ ಬಟ್ಟಲು ಕವುಚಿಟ್ಟ ಹಾಗೆ ಒಂದು ಛಾವಣಿ. ಗೈಡುಗಳು ಆ ಛಾವಣಿಯನ್ನೇ ತೋರಿಸುವುದು, ತೋರಿಸಬೇಕಾದ್ದೇ. ಅವ್ವ ಮಾತ್ರ ಛಾವಣಿ ನೋಡಲಿಲ್ಲ. ಒಳಗೆ ಬಂದವಳು ಅಂಚಿನ ಕಲ್ಲುಕಟ್ಟೆ ಮೇಲೆ ಕೂತು, ಹಿಂದಿನ ಕಲ್ಲಿಗೆ ಬೆನ್ನು ಕೊಟ್ಟು, ಕಾಲು ಮೇಲೆಳೆದುಕೊಂಡು, ಐದೇ ನಿಮಿಷಕ್ಕೆ ನಿದ್ದೆ ಹೋದಳು.

ನನಗೆ ಮಾಡಲಿಕ್ಕೆ ಕೆಲಸ ಇರಲಿಲ್ಲ. ಅವಳು ಮಲಗಿದ್ದ ಕಟ್ಟೆಯನ್ನೇ ನೋಡುತ್ತಾ ಕೂತೆ. ನಾನು ಓದಿದ್ದು ಬಿಇ ಕಂಪ್ಯೂಟರ್ ಸೈನ್ಸು, ಇತಿಹಾಸದಲ್ಲಿ ನನಗೆ ಯಾವ ಅಧಿಕಾರವೂ ಇಲ್ಲ. ಆದರೂ ಒಂದು ವಿಷಯ ಅವತ್ತು ಕಣ್ಣಿಗೆ ಬಿತ್ತು. ಮಂಟಪದ ಹೊರಸುತ್ತಿನ ಗಿಡ್ಡ ಕಂಬಗಳು ನೆಲದಿಂದ ಎದ್ದಿಲ್ಲ, ಆ ಕಟ್ಟೆ ಮೇಲೆ ನಿಂತಿವೆ. ಸೂರಿನ ಅಂಚಿನ ಭಾರ ಕಂಬಕ್ಕೆ, ಕಂಬದ ಭಾರ ಕಟ್ಟೆಗೆ. ಕಟ್ಟೆ ಕಿತ್ತರೆ ಮಂಟಪದ ಅಂಚೇ ಕುಸಿಯುತ್ತೆ. ಅಂದರೆ ಕಟ್ಟಡ ಎದ್ದ ಮೇಲೆ ಉಳಿದ ದುಡ್ಡಲ್ಲಿ ತಂದಿಟ್ಟ ಬೆಂಚಲ್ಲ ಇದು. ಸೂತ್ರಧಾರಿ ಮೊದಲ ಗೆರೆ ಎಳೆದಾಗಲೇ ಇಲ್ಲಿ ಜನ ಬಂದು ಕೂರ್ತಾರೆ ಅನ್ನೋದು ಲೆಕ್ಕಕ್ಕೆ ಬಂದಿತ್ತು.

ಇಂಥ ಕಟ್ಟೆಗೆ ಕಕ್ಷಾಸನ ಅಂತ ಹೆಸರು. ಹೊಯ್ಸಳರದ್ದೇ ಅಂತಲ್ಲ, ಅವರಿಗಿಂತ ಹಿಂದಿನ ಚಾಲುಕ್ಯರ ಮಂಟಪಗಳಲ್ಲೂ ಇದೆ. ತರೀಕೆರೆ ಹತ್ತಿರದ ಅಮೃತಾಪುರಕ್ಕೆ ಹೋದರೆ ಇನ್ನೂ ಚೆನ್ನಾಗಿ ಕಾಣುತ್ತೆ. 1196ರ ದೇವಸ್ಥಾನ ಅದು, ಎರಡನೇ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಕಟ್ಟಿಸಿದ್ದು. ಅಲ್ಲಿನ ತೆರೆದ ಮಂಟಪದ ಅಡ್ಡಗೋಡೆಯ ಹೊರಮೈ ಮೇಲೆ 140 ಶಿಲ್ಪಫಲಕಗಳಿವೆ. ದಕ್ಷಿಣದ ಕಡೆ ರಾಮಾಯಣದ 70, ಉತ್ತರದ ಕಡೆ ಕೃಷ್ಣನ ಕತೆ ಮತ್ತು ಮಹಾಭಾರತ. ಅದೇ ಗೋಡೆಯ ಒಳಗಡೆ ಕೂರುವ ಕಟ್ಟೆ. ಹೊರಗೆ ಸುತ್ತುವವನಿಗೆ ಕತೆ, ಒಳಗೆ ಬಂದವನಿಗೆ ಬೆನ್ನಾಸರೆ, ಎರಡೂ ಒಂದೇ ಕಲ್ಲು. ನಮ್ಮ ಆಫೀಸಲ್ಲಿ ಒಂದೇ ಫಂಕ್ಷನ್ನು ಎರಡು ಕೆಲಸ ಮಾಡಿದರೆ ಕೋಡ್ ರಿವ್ಯೂನಲ್ಲಿ ಬೈತಾರೆ. ಇಲ್ಲಿ ಬೈಯೋ ಹಾಗಿಲ್ಲ.

ನಕ್ಷತ್ರದ ಆಕಾರದಲ್ಲೂ ಒಂದು ಲಾಭ ಇದೆ. ರೈಲಲ್ಲಿ ಕೂತು ಲೆಕ್ಕ ಹಾಕಿದೆ. ನಾಲ್ಕು ಚೌಕಗಳನ್ನು ಒಂದರ ಮೇಲೊಂದು ಸಮನಾಗಿ ತಿರುಗಿಸಿಟ್ಟರೆ ಹದಿನಾರು ಮೂಲೆಯ ನಕ್ಷತ್ರ ಬರುತ್ತೆ. ಅದರ ಅಂಚಿನ ಉದ್ದ, ಅದನ್ನು ಸುತ್ತಿ ಬರೆದ ವೃತ್ತಕ್ಕಿಂತ ಸುಮಾರು ಐದನೇ ಒಂದು ಪಾಲು ಜಾಸ್ತಿ. ಜಾಗ ಕಡಿಮೆ, ಅಂಚು ಹೆಚ್ಚು. ಅರಸೀಕೆರೆಯ ಶಿಲ್ಪಿ ಜನ ಕೂರಲಿ ಅಂತಲೇ ನಕ್ಷತ್ರ ಮಾಡಿದ ಅಂತ ಹೇಳ್ತಿಲ್ಲ, ಅವನ ಕಾರಣಗಳು ಅವನಿಗೆ. ಮೂಲೆಯಲ್ಲಿ ಕೂತವರಿಗೆ ಎರಡೂ ಕಡೆ ಒರಗಲಿಕ್ಕೆ ಆಸರೆ ಸಿಗುತ್ತೆ ಅನ್ನೋದಂತೂ ಅವ್ವನ ನಿದ್ದೆಯಿಂದ ಖಾತ್ರಿಯಾಯ್ತು.

ಇನ್ನು ಮಿನಿ ವಿಧಾನಸೌಧದ ಆ ನಾಲ್ಕು ಕಂಬಗಳ ವಿಚಾರ. ಅವು ಎಲ್ಲಿಂದ ಬಂದವು ಅನ್ನೋದನ್ನ ಕಟ್ಟಡದ ಹೆಸರೇ ಹೇಳುತ್ತೆ. ದೊಡ್ಡ ವಿಧಾನಸೌಧದ ಕತೆಯನ್ನು ನಾವು ಶಾಲೆಯಲ್ಲಿ ಓದಿದ್ದು ಅರ್ಧ.

ಸ್ವಾತಂತ್ರ್ಯ ಬಂದಾಗ ಮೈಸೂರು ರಾಜ್ಯದ ಶಾಸನಸಭೆಗೆ ಸ್ವಂತ ಕಟ್ಟಡ ಇರಲಿಲ್ಲ. ಈಗ ಹೈಕೋರ್ಟ್ ಇರುವ ಕೆಂಪು ಕಟ್ಟಡ, ಅಠಾರಾ ಕಚೇರಿ, ಅದರಲ್ಲೇ ಸಭೆ ನಡೀತಿತ್ತು. 1860ರ ದಶಕದಲ್ಲಿ ಬ್ರಿಟಿಷ್ ಕಮಿಷನರ ಆಡಳಿತಕ್ಕೆ ಕಟ್ಟಿದ ಕಚೇರಿ ಅದು. ಹದಿನೆಂಟು ಇಲಾಖೆ ಇದ್ದದ್ದಕ್ಕೆ ಅಠಾರಾ. ಜಾಗ ಸಾಲದೆ ಮುಖ್ಯಮಂತ್ರಿ ಕೆ.ಸಿ. ರೆಡ್ಡಿಯವರ ಸರ್ಕಾರ ಎದುರಿನ ಖಾಲಿ ಜಾಗದಲ್ಲಿ ಹೊಸ ಕಟ್ಟಡ ಕಟ್ಟಲು ಹೊರಟಿತು. 1951ರ ಜುಲೈ 13ರಂದು ನೆಹರೂ ಬಂದು ಅಡಿಗಲ್ಲು ಹಾಕಿದರು. ಆಗಿದ್ದ ನಕ್ಷೆ ಸರಳವಾದದ್ದು. ಎರಡಂತಸ್ತು, ಅಲಂಕಾರ ಇಲ್ಲ, ಆ ಕಾಲದ ಅಮೆರಿಕದ ಸರ್ಕಾರಿ ಕಟ್ಟಡಗಳ ಧಾಟಿ.

ಮರುವರ್ಷ ಚುನಾವಣೆ ಆಗಿ ಕೆಂಗಲ್ ಹನುಮಂತಯ್ಯ ಮುಖ್ಯಮಂತ್ರಿ ಆದರು. ನಕ್ಷೆ ಅವರಿಗೆ ಹಿಡಿಸಲಿಲ್ಲ. ರಷ್ಯಾದಿಂದ ಬಂದಿದ್ದ ನಿಯೋಗವೊಂದು ಬೆಂಗಳೂರು ಸುತ್ತಿ ನೋಡಿ, ಇಲ್ಲಿ ಎಲ್ಲ ಯುರೋಪಿನ ಕಟ್ಟಡಗಳೇ ಇವೆಯಲ್ಲ, ನಿಮ್ಮದು ಯಾವುದು ಅಂತ ಕೇಳಿತಂತೆ. ಆ ಮಾತು ಅವರಿಗೆ ಚುಚ್ಚಿತು ಅನ್ನೋದು ಈಗಲೂ ಓಡಾಡುವ ಕತೆ. ಕತೆ ಎಷ್ಟು ನಿಜವೋ, ಪ್ರಶ್ನೆ ಮಾತ್ರ ಅವರದ್ದೇ ಆಗಿತ್ತು. ಬಿ.ಆರ್. ಮಾಣಿಕ್ಯಂ ಅವರ ಮುಂದಾಳತ್ವದಲ್ಲಿ ನಕ್ಷೆ ಪೂರ್ತಿ ಬದಲಾಯಿತು. 700 ಅಡಿ ಉದ್ದ, 350 ಅಡಿ ಅಗಲ, ನಡುವೆ 60 ಅಡಿ ವ್ಯಾಸದ ಗುಮ್ಮಟ, ಮುಂದುಗಡೆ 40 ಅಡಿ ಎತ್ತರದ ಹನ್ನೆರಡು ಕಲ್ಲುಕಂಬ, 200 ಅಡಿಗೂ ಅಗಲದ ಮೆಟ್ಟಿಲಸಾಲು. ಸಾವಿರಾರು ಕೂಲಿಗಳ ಜೊತೆ ಸುಮಾರು 1,500 ಕಲ್ಲುಕುಟಿಗರು, ಗಾರೆಯವರು, ಮರಗೆತ್ತನೆಯವರು ದುಡಿದರು. ಜೈಲಿನ ಕೈದಿಗಳನ್ನೂ ಕೆಲಸಕ್ಕೆ ಹಚ್ಚಿದ್ದರು. ಮಂತ್ರಿಮಂಡಲದ ಕೋಣೆಗೆ ಗಂಧದ ಮರದ ಕೆತ್ತನೆ ಬಾಗಿಲು.

ಖರ್ಚು ಒಂದೂಮುಕ್ಕಾಲು ಕೋಟಿ ದಾಟಿತು. ಮೊದಲಿನ ಅಂದಾಜಿಗೂ ಇದಕ್ಕೂ ಹೋಲಿಕೆಯೇ ಇರಲಿಲ್ಲ. ಬಡ ರಾಜ್ಯಕ್ಕೆ ಈ ಅರಮನೆ ಯಾಕೆ ಅಂತ ಸಭೆಯಲ್ಲೂ ಪತ್ರಿಕೆಗಳಲ್ಲೂ ಕೇಳಿದರು, ಖರ್ಚಿನ ಬಗ್ಗೆ ವಿಚಾರಣೆ ನಡೆಯಿತು. 1956ರಲ್ಲಿ ಕಟ್ಟಡ ಮುಗಿಯುವ ಹೊತ್ತಿಗೆ ಹನುಮಂತಯ್ಯ ಕುರ್ಚಿ ಬಿಟ್ಟಿದ್ದರು. ತಾವು ಕಟ್ಟಿಸಿದ ಸೌಧದಿಂದ ವಿಶಾಲ ಮೈಸೂರು ರಾಜ್ಯ ಆಳುವ ಅವಕಾಶ ಅವರಿಗೆ ಸಿಗಲಿಲ್ಲ.

ಅದೇ ವರ್ಷಗಳಲ್ಲಿ ಪಂಜಾಬು ಕಾರ್ಬೂಸಿಯೆ ಅನ್ನುವ ಫ್ರೆಂಚ್ ವಾಸ್ತುಶಿಲ್ಪಿಯನ್ನು ಕರೆಸಿ ಚಂಡೀಗಢ ಕಟ್ಟಿಸಿಕೊಳ್ಳುತ್ತಿತ್ತು. ಬರೀ ಕಾಂಕ್ರೀಟು, ಒಂದು ಹೂವಿನ ಕೆತ್ತನೆಯೂ ಇಲ್ಲ. ನೆಹರೂಗೆ ಅದು ಬಹಳ ಇಷ್ಟ. ಅಂಥ ಕಾಲದಲ್ಲಿ ಹನುಮಂತಯ್ಯ ದೇವಸ್ಥಾನದ ಕಡೆ ತಿರುಗಿದರು. ನನಗೆ ಇದರಲ್ಲಿ ತಪ್ಪೇನೂ ಕಾಣಲ್ಲ. ರೈತರ ಮಗ ರಾಜನ ಊರಿನ ಎದುರು, ಬ್ರಿಟಿಷರ ಕಚೇರಿಯ ಎದುರು, ನಮಗೂ ಇಷ್ಟು ದೊಡ್ಡದು ಕಟ್ಟಲಿಕ್ಕೆ ಬರುತ್ತೆ ಅಂತ ತೋರಿಸಬೇಕು ಅಂದುಕೊಂಡರೆ, ಅದು ಬರೀ ಷೋಕಿ ಅಂತ ಹೇಳಲಿಕ್ಕೆ ನನ್ನ ನಾಲಿಗೆ ಬರಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಶಿವಾಜಿನಗರದ ಕಡೆ ಹೋಗುವ ಬಸ್ಸಲ್ಲಿ ದಿನಾ ಆ ಕಟ್ಟಡ ದಾಟುತ್ತಿದ್ದೆ. ಸಂಜೆ ದೀಪ ಹಾಕಿದಾಗ ಬಸ್ಸಿನ ಜನವೆಲ್ಲ ಒಂದು ಸಲ ಆ ಕಡೆ ತಿರುಗುತ್ತಿದ್ದರು, ದಿನಾ ನೋಡುವವರೂ.

ಆದರೆ ದೇವಸ್ಥಾನದಿಂದ ಅವರು ಏನನ್ನ ತಂದರು ಅನ್ನೋದನ್ನ ನೋಡಬೇಕು. ನಮ್ಮ ಸೀಮೆಯವರು ವಿಧಾನಸೌಧ ನಮ್ಮ ಬೇಲೂರು ಹಳೇಬೀಡಿನದೇ ನಕಲು ಅಂತ ಹೆಮ್ಮೆಪಡ್ತಾರೆ. ಪೂರ್ತಿ ನಿಜ ಅಲ್ಲ. ಹೊಯ್ಸಳರು ಕೆತ್ತಿದ್ದು ಬಳಪದ ಕಲ್ಲಿನಲ್ಲಿ. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುವ ಕಲ್ಲು ಅದು. ಮದನಿಕೆಯ ಬಳೆಯ ಸಂದಿನಲ್ಲಿ ಕಡ್ಡಿ ತೂರುವಷ್ಟು ಸೂಕ್ಷ್ಮ ಕೆತ್ತಲಿಕ್ಕೆ ಆದದ್ದು ಅದರಿಂದ. ವಿಧಾನಸೌಧ ಗ್ರಾನೈಟಿನದು. ಮೈಗೆಲ್ಲ ಬೆಂಗಳೂರಿನ ಬೂದಿ ಕಲ್ಲು, ಅಲಂಕಾರಕ್ಕೆ ಮಾಗಡಿಯ ನಸುಗೆಂಪು ಕಲ್ಲು ಮತ್ತು ನಮ್ಮ ಪಕ್ಕದ ತುರುವೇಕೆರೆಯ ಹಸಿರುಗಪ್ಪು ಕಲ್ಲು. ಆ ಕಲ್ಲಿನಲ್ಲಿ ಬೇಲೂರಿನ ನವುರು ಬರಲ್ಲ. ಹಾಗಾಗಿ ತಂದದ್ದು ಹೊರರೂಪ. ಎತ್ತರದ ಕಂಬ, ಗುಮ್ಮಟ, ಶಿಖರ, ದೂರದಿಂದ ಕಾಣುವಂಥವು. ಮುಖ್ಯ ಬಾಗಿಲ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಅಂತ ಬರೆಸಿದರು. ದೇವರ ಗುಡಿಗೆ ಬಂದ ಭಕ್ತ ಎಲ್ಲಿ ಕೂರ್ತಾನೆ ಅನ್ನೋದು ಮಾತ್ರ ನಕ್ಷೆಗೆ ಬಂದ ಹಾಗೆ ಕಾಣಲ್ಲ.

ತಮಾಷೆ ಏನು ಗೊತ್ತಾ? ನಾವು ದೇವಸ್ಥಾನ ಅಂದ ಕೂಡಲೇ ಬರೆಯುವ ಚಿತ್ರ ಶಿಖರದ್ದು. ಆದರೆ ಬೇಲೂರಿನ ಚೆನ್ನಕೇಶವನಿಗೆ ಇವತ್ತು ಶಿಖರ ಇಲ್ಲ. ಇದ್ದ ಇಟ್ಟಿಗೆ ಮರದ ಗೋಪುರವನ್ನು, ಗರ್ಭಗುಡಿಗೆ ಭಾರ ಅಂತ 1879ರಲ್ಲಿ ಇಳಿಸಿದರು. ಹಳೇಬೀಡಿನ ಹೊಯ್ಸಳೇಶ್ವರಕ್ಕೂ ಇಲ್ಲ. ನಾಡಿನ ಎರಡು ಅತಿ ಹೆಸರಾದ ಗುಡಿಗಳು ತಲೆ ಬೋಳಾಗಿ ನಿಂತಿವೆ, ನೋಡಲು ಬಂದ ಯಾರೂ ಏನೋ ಕೊರತೆಯಾಯ್ತು ಅಂತ ವಾಪಸ್ ಹೋಗಲ್ಲ. ಯಾಕಂದರೆ ಅಲ್ಲಿರುವುದೆಲ್ಲ ಮನುಷ್ಯನ ಎತ್ತರದಲ್ಲೇ ಇದೆ. ಸುತ್ತು ಬರಲಿಕ್ಕೆ ಜಗತಿ, ಬಿಸಿಲು ಮಳೆ ತಡೆಯಲಿಕ್ಕೆ ಮುಂದಕ್ಕೆ ಚಾಚಿದ ಸೂರು, ಕಂಬಕ್ಕೂ ಆ ಸೂರಿಗೂ ನಡುವೆ ಓರೆಯಾಗಿ ನಿಂತ ಮದನಿಕೆಯರು.

ಬೇಲೂರಲ್ಲಿ ಇನ್ನೊಂದು ಸಂಗತಿ ಇದೆ, ಇದು ನನ್ನನ್ನು ಬಹಳ ದಿನ ಕಾಡಿತು. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದಾಗ ಆ ದೊಡ್ಡ ಮಂಟಪ ಅರಸೀಕೆರೆಯದರ ಹಾಗೇ ತೆರೆದಿತ್ತು. ಹೊರಗಿನ ಬೆಳಕು ನೇರ ಒಳಗೆ. ಸುಮಾರು ಎರಡು ತಲೆಮಾರಿನ ನಂತರ, ಎರಡನೇ ಬಲ್ಲಾಳನ ಕಾಲದಲ್ಲಿ, ಕಂಬಗಳ ನಡುವೆ ಕಲ್ಲಿನ ಜಾಲಂಧ್ರಗಳನ್ನು ಕೂರಿಸಿ ಮುಚ್ಚಿದರು. ಪೂರ್ವದ ಬಾಗಿಲ ಪಕ್ಕದ ಒಂದು ಜಾಲಂಧ್ರದಲ್ಲಿ ವಿಷ್ಣುವರ್ಧನನ ಒಡ್ಡೋಲಗವನ್ನೇ ಕೆತ್ತಿದ್ದಾರೆ. ಕೆಲಸ ಅದ್ಭುತ, ಎರಡು ಮಾತಿಲ್ಲ. ಆದರೆ ಅವತ್ತಿಂದ ಒಳಗೆ ಕತ್ತಲೆ. ಈಗ ಒಳಗಿನ ಛಾವಣಿ ನೋಡಬೇಕಾದರೆ ದೀಪದವನಿಗೆ ದುಡ್ಡು ಕೊಟ್ಟು ಬೆಳಕು ಹಾಕಿಸಬೇಕು. ಹಳೇಬೀಡಿನ ಮಂಟಪಕ್ಕೂ ಹೀಗೇ ಆಮೇಲೆ ಜಾಲಂಧ್ರ ಬಂತು. ತೆರೆದಿದ್ದನ್ನು ಭದ್ರತೆಗೋ ಮರ್ಯಾದೆಗೋ ಮುಚ್ಚುವುದು ಹೊಸ ಖಾಯಿಲೆ ಅಲ್ಲ ಅಂತಾಯ್ತು. ವಿಧಾನಸೌಧದ ಮೆಟ್ಟಿಲ ಮೇಲೂ ಒಂದು ಕಾಲದಲ್ಲಿ ಸಂಜೆ ಜನ ಕಡಲೆಕಾಯಿ ತಿನ್ನುತ್ತಾ ಕೂರ್ತಿದ್ದರು ಅಂತ ನಮ್ಮ ಆಫೀಸಿನ ಹಳೇ ಡ್ರೈವರೊಬ್ಬರು ಹೇಳ್ತಾರೆ. ಈಗ ಸುತ್ತ ಕಬ್ಬಿಣದ ಬೇಲಿ. 2025ರಲ್ಲಿ ಟಿಕೆಟ್ ಇಟ್ಟು ಗೈಡ್ ಜೊತೆ ಒಳಗೆ ಬಿಡಲು ಶುರು ಮಾಡಿದರು.

ಪಕ್ಕದಲ್ಲೇ 2005ರಲ್ಲಿ ವಿಕಾಸಸೌಧ ಎದ್ದಿತು, ಅಣ್ಣನ ಅಂಗಿ ಹಾಕಿಕೊಂಡ ತಮ್ಮನ ಹಾಗೆ. 2012ರಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧ. ಇವೆರಡರ ಬಗ್ಗೆ ಹೆಚ್ಚು ಹೇಳಲಿಕ್ಕೆ ಇಲ್ಲ. ನನಗೆ ಬೇಕಿರೋದು ಕೆಳಕ್ಕೆ ಹರಿದ ದಾರಿ. ರಾಜಧಾನಿಯ ಕಂಬ, ಗುಮ್ಮಟಗಳು ತಾಲ್ಲೂಕಿಗೆ ಬಂದು ಮಿನಿ ಆದವು. ಕಲ್ಲಿನ ಬದಲು ಸಿಮೆಂಟು, ಅದರ ಮೇಲೆ ಸುಣ್ಣದ ಬದಲು ಎಮಲ್ಷನ್. ಬೇಲೂರಿಂದ ಬೆಂಗಳೂರಿಗೆ ಹೋಗುವಾಗ ಕಟ್ಟೆ ಬಿಟ್ಟುಹೋಗಿತ್ತು, ಬೆಂಗಳೂರಿಂದ ಮತ್ತೆ ನಮ್ಮ ಕಡೆಗೆ ಬರುವಾಗ ಸೂರೂ ಬಿಟ್ಟುಹೋಯಿತು. ಫೋಟೋದ ಫೋಟೋ ತೆಗೆದ ಹಾಗೆ.

ಇದರ ನಡುವೆ ಇನ್ನೊಂದು ವಂಶ ಇತ್ತು, ಅದನ್ನ ಮರೆತೆವು. ಅಮಲ್ದಾರರ ಕಾಲದ ಹಳೇ ತಾಲ್ಲೂಕು ಕಚೇರಿಗಳನ್ನ ಕೆಲವರಾದರೂ ನೋಡಿರ್ತೀರಿ. ಎತ್ತರದ ತಳಪಾಯ, ಸುತ್ತ ಮರದ ಕಂಬದ ಜಗಲಿ, ಮೇಲೆ ಮಂಗಳೂರು ಹೆಂಚು. ಆ ಹೆಂಚು ಕರಾವಳಿಯದು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಲ್ಲಿ ಕಾರ್ಖಾನೆ ತೆರೆದ ಮೇಲೆ ಘಟ್ಟ ಹತ್ತಿ ಇಲ್ಲಿಗೂ ಬಂತು. ಕರಾವಳಿಯ ಮಳೆಗೆ ಅಂತ ಇಳಿಜಾರಾಗಿ, ಗೋಡೆಯಿಂದ ಎರಡು ಮಾರು ಆಚೆಗೆ ಚಾಚಿದ ಸೂರು ನಮ್ಮ ಬಯಲುಸೀಮೆಯ ಬಿಸಿಲಿಗೂ ಒಗ್ಗಿತು. ಅಮಲ್ದಾರರು ದರ್ಪದವರೇ ಇದ್ದಿರಬಹುದು. ಕಾಯುವ ರೈತ ಮಾತ್ರ ನೆರಳಲ್ಲಿ ಕಾಯ್ತಿದ್ದ.

ಅದಕ್ಕೂ ಹಿಂದೆ ಊರಿನ ಚಾವಡಿ. ನಮ್ಮೂರಲ್ಲಿ ನಾನು ಚಿಕ್ಕವನಿದ್ದಾಗಲೂ ಇತ್ತು, ಒಂದು ಗೋಡೆ, ಆರು ಕಂಬ, ಮೂರು ಕಡೆ ಕಟ್ಟೆ. ಶಾನುಭೋಗರ ಲೆಕ್ಕ, ಕಂದಾಯ, ನ್ಯಾಯ ಪಂಚಾಯ್ತಿ ಎಲ್ಲಾ ಅಲ್ಲೇ ನಡೀತಿತ್ತಂತೆ. ಹಳೇದನ್ನೆಲ್ಲ ಹೊಗಳುತ್ತಿದ್ದಾನೆ ಅಂದುಕೊಳ್ಳಬೇಡಿ. ಆ ಚಾವಡಿಯ ಕಟ್ಟೆ ಮೇಲೆ ಯಾರು ಕೂರಬೇಕು, ಕೆಳಗೆ ಯಾರು ಕೈಕಟ್ಟಿ ನಿಲ್ಲಬೇಕು ಅನ್ನೋದು ಜಾತಿಯ ಲೆಕ್ಕವಾಗಿತ್ತು. ದೇವಸ್ಥಾನದ ಕಕ್ಷಾಸನವೂ ಅಷ್ಟೇ, ಊರಿನ ಎಲ್ಲರೂ ಒಳಗೆ ಬಂದು ಬೆನ್ನು ಒರಗಿಸುವ ಹಾಗಿರಲಿಲ್ಲ. ನಮ್ಮೂರಿನ ಕೆಳಗೇರಿಯ ಒಬ್ಬ ತಾತ ಚಾವಡಿಯನ್ನು ಕೆಡವಿದ ದಿನ ಖುಷಿಯಿಂದ ನೋಡ್ತಾ ನಿಂತಿದ್ದರು ಅಂತ ಅಪ್ಪ ಹೇಳ್ತಿದ್ದ. ಯಾಕೆ ಖುಷಿ ಅನ್ನೋದು ಆಗ ನನಗೆ ಅರ್ಥ ಆಗಿರಲಿಲ್ಲ. ಮಿನಿ ವಿಧಾನಸೌಧದ ಬಾಗಿಲು ಎಲ್ಲರಿಗೂ ತೆರೆದಿದೆ, ಅದು ಸಣ್ಣ ಮಾತಲ್ಲ. ಅದಕ್ಕೇ ನನಗೆ ಸಿಟ್ಟು. ಯಾರು ಬೇಕಾದರೂ ಕೂರಬಹುದು ಅನ್ನೋ ಕಾಲ ಬರುವ ಹೊತ್ತಿಗೆ ಕೂರುವ ಜಾಗವನ್ನೇ ತೆಗೆದುಬಿಟ್ಟರೆ?

ನಮ್ಮ ಕಸುಬಿನವರ ಪಾಲೂ ಇದರಲ್ಲಿದೆ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದು 67 ಲಕ್ಷ ರೈತರ 2 ಕೋಟಿ ಪಹಣಿ ಕಂಪ್ಯೂಟರಿಗೆ ಹತ್ತಿತು. ತಾಲ್ಲೂಕು ಕಚೇರಿಯಲ್ಲಿ ಒಂದು ಕಿಟಕಿ, 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ. ಶಾನುಭೋಗರ ಮರ್ಜಿ ಕಾಯುವುದು ತಪ್ಪಿತು ಅಂತ ದೇಶವೇ ಹೊಗಳಿತು. ಹೊಗಳಬೇಕಾದ್ದೇ, ಅದನ್ನು ನೋಡಿಯೇ ನಮ್ಮ ಅಪ್ಪ ನನ್ನನ್ನು ಕಂಪ್ಯೂಟರ್ ಓದಿಸಿದ್ದು. ಆದರೆ ಅದುವರೆಗೆ ಊರೂರಲ್ಲಿ ಹಂಚಿಹೋಗಿದ್ದ ಕಾಯುವಿಕೆಯೆಲ್ಲ ಒಂದು ಕಿಟಕಿಯ ಮುಂದೆ ಬಂದು ನಿಂತಿತು. ಕಿಟಕಿಯ ಒಳಗೆ ಏನಾಗಬೇಕು ಅಂತ ನಮ್ಮವರು ನೂರಾರು ಪುಟ ಬರೆದಿರ್ತಾರೆ. ಹೊರಗೆ ನಿಂತವರ ಮಂಡಿ ನೋವು ಯಾವ ಪುಟದಲ್ಲೂ ಬಂದಿರಲ್ಲ, ನಾನು ಬರೆದಿದ್ದರೂ ಬರ್ತಿರಲಿಲ್ಲ.

ಹೊರಗಿನದೂ ಒಂದು ಹೇಳಿಬಿಡ್ತೀನಿ. ಕೆಲಸದ ಮೇಲೆ ಮೂರು ತಿಂಗಳು ಫಿನ್‌ಲೆಂಡಿನಲ್ಲಿದ್ದಾಗ, ವಾಸ್ತುಶಿಲ್ಪದ ಹುಚ್ಚಿನ ಸಹೋದ್ಯೋಗಿ ಒಬ್ಬ ಸೈನಾತ್ಸಲೋ ಅನ್ನುವ ಊರಿಗೆ ಎಳೆದುಕೊಂಡು ಹೋದ. ಸರೋವರದ ನಡುವಿನ ದ್ವೀಪ, ಪ್ಲೈವುಡ್ ಕಾರ್ಖಾನೆಯವರ ಊರು, ಆಗ ಸುಮಾರು 3,000 ಜನ. ನಮ್ಮ ಹೋಬಳಿ ಊರಿನಷ್ಟು. 1952ರಲ್ಲಿ, ಅಂದರೆ ಹನುಮಂತಯ್ಯ ನಕ್ಷೆ ತಿರುಗಿಸಿದ ಅದೇ ವರ್ಷ, ಅಲ್ಲಿ ಪುರಭವನ ಕಟ್ಟಿ ಮುಗಿಯಿತು. ಕಟ್ಟಿದವನು ಆಲ್ವಾರ್ ಆಲ್ಟೋ. ಕೆಂಪು ಇಟ್ಟಿಗೆ, ನಡುವೆ ಒಂದಂತಸ್ತು ಎತ್ತರಿಸಿದ ಅಂಗಳ, ಅಂಗಳಕ್ಕೆ ಹತ್ತಲಿಕ್ಕೆ ಹುಲ್ಲು ಬೆಳೆಸಿದ ಮೆಟ್ಟಿಲು, ಸುತ್ತ ಕಚೇರಿಗಳು, ಒಂದು ಕಡೆ ಊರಿನ ಲೈಬ್ರರಿ. ಅಲ್ಲೂ ಜಗಳ ಆಗಿತ್ತಂತೆ. ಇಷ್ಟು ಸಣ್ಣ ಊರಿಗೆ ಸಭಾಂಗಣ ಇಷ್ಟು ಎತ್ತರ ಯಾಕೆ ಅಂತ ಊರಿನವರು ಕೇಳಿದರೆ, ಇಟಲಿಯ ಸಿಯೆನಾ ಪುರಭವನದ್ದು 16 ಮೀಟರು, ನಮ್ಮದು 17 ಇರಲಿ ಅಂದನಂತೆ. ಅವನಿಗೂ ಷೋಕಿ ಕಮ್ಮಿ ಇರಲಿಲ್ಲ. ಆದರೆ ಲೈಬ್ರರಿಗೆ ಬಂದ ಅಜ್ಜಿ ಆ ಅಂಗಳದಲ್ಲಿ ಕೂತು ಬಿಸಿಲು ಕಾಯಿಸ್ತಿದ್ದಳು. ಅವರಿಗೆ ಬೇಕಾದ್ದು ಬಿಸಿಲು, ನಮಗೆ ಬೇಕಾದ್ದು ನೆರಳು.

ಹೋದ ತಿಂಗಳು ನಮ್ಮ ಹೈಸ್ಕೂಲು ವಾಟ್ಸಾಪ್ ಗುಂಪಿಗೆ ಒಂದು ಚಿತ್ರ ಬಂತು. ನಮ್ಮ ಪಕ್ಕದ ಪಟ್ಟಣವೊಂದಕ್ಕೆ ಹೊಸ ಪೌರಾಡಳಿತ ಕಟ್ಟಡ ಬರ್ತಿದೆ, ಅದರ ಕಂಪ್ಯೂಟರ್ ಚಿತ್ರ. ಗಾಜಿನ ಗೋಡೆ, ಅದರ ಮುಂದೆ ಆರು ಕಂಬ, ಕಂಬದ ತಲೆಗೆ ಹೊಯ್ಸಳ ಲಾಂಛನ, ಹುಲಿ ಕೊಲ್ಲುವ ಸಳ. ಆಕಾಶದಲ್ಲಿ ಎರಡು ಹಕ್ಕಿ. ಕೆಳಗೆ ಸೂಟು ಹಾಕಿಕೊಂಡ ಬಿಳಿ ಮನುಷ್ಯರು ನಡೆದುಹೋಗ್ತಿದಾರೆ, ಯಾರೂ ಕೂತಿಲ್ಲ. ಗುಂಪಲ್ಲೆಲ್ಲ ಹೆಬ್ಬೆಟ್ಟು, ಚಪ್ಪಾಳೆ. ನಾನು, "ಕಾಯೋರು ಎಲ್ಲಿ ಕೂರ್ತಾರೆ?" ಅಂತ ಹಾಕಿದೆ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಕಂಟ್ರಾಕ್ಟು ಮಾಡುವ ಗೆಳೆಯ ಒಬ್ಬ ಬೇರೆಯಾಗಿ ಫೋನ್ ಮಾಡಿದ.

"ಮಗಾ, ಅದು ಎಸ್ಟಿಮೇಟಲ್ಲಿ ಬರಲ್ಲ ಕಣೋ. ಕೂರೋದು ಅಂದ್ರೆ ಫರ್ನಿಚರ್. ಫರ್ನಿಚರ್ ಬೇರೆ ಹೆಡ್ಡು."

ಅವನಿಗೆ ಅರಸೀಕೆರೆ ಮಂಟಪದ ಫೋಟೋ ಕಳಿಸಿ, ಕಂಬ ಕಟ್ಟೆ ಮೇಲೆ ನಿಂತಿರೋದನ್ನ ತೋರಿಸಿದೆ. ಹೇಗೂ ಮೂರಡಿ ಪ್ಲಿಂತ್ ಇದೆ, ಮುಂದಿನ ಉದ್ದಕ್ಕೂ ನಡುಮಟ್ಟದಲ್ಲಿ ಹದಿನೆಂಟು ಇಂಚು ಹೊರಕ್ಕೆ ತಂದರೆ ಅದೇ ಕಟ್ಟೆ ಆಗುತ್ತೆ, ಮೇಲಿಂದ ಐದಡಿ ಸ್ಲ್ಯಾಬ್ ಚಾಚಿದರೆ ನೆರಳು, ಎಲ್ಲಾ ಸಿವಿಲ್ ಕೆಲಸವೇ, ಒಂದೇ ಹೆಡ್ಡು ಅಂತ ವಾದ ಮಾಡಿದೆ. ನನ್ನ ಸಿವಿಲ್ ಜ್ಞಾನಕ್ಕೆ ಅವನು ನಕ್ಕ. ಕಂಬ ಮುಚ್ಚಿಹೋಗುತ್ತೆ, ಎಲಿವೇಶನ್ ಕೆಡುತ್ತೆ ಅಂದ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ನಮ್ಮಮ್ಮನ್ನೂ ಮೊನ್ನೆ ಪೆನ್ಷನ್‌ಗೆ ಕರ್ಕಂಡ್ ಹೋಗಿದ್ದೆ ಮಗಾ" ಅಂದ. ಸೋಮವಾರ ಇಂಜಿನಿಯರು ಸೈಟಿಗೆ ಬರ್ತಾರಂತೆ, ಬಂದು ನೀನೇ ಹೇಳು, ನಾನು ಹೇಳಿದರೆ ಬಿಲ್ಲಿಗೆ ಹೇಳ್ತಿದೀನಿ ಅಂತಾರೆ ಅಂತ ಫೋನಿಟ್ಟ.

ಅವ್ವನ ಖಾತೆ ಈ ನಡುವೆ ಆಯ್ತು. ಪಹಣಿಯ ಪ್ರಿಂಟು ಊರಿಗೆ ತಗೊಂಡು ಹೋಗಿದ್ದೆ. ಅವ್ವ ತನ್ನ ಹೆಸರಿನ ಸಾಲನ್ನು ಬೆರಳಲ್ಲಿ ಮುಟ್ಟಿ ನೋಡಿ, ಮಡಚಿ, ಅಪ್ಪನ ಫೋಟೋ ಹಿಂದೆ ಇಟ್ಟಳು. ಸೋಮವಾರ ಮತ್ತೆ ಬರ್ತೀನಿ, ಹಿಂಗಿಂಗೆ ಅಂತ ಹೇಳಿದೆ.

"ಇಂಜಿನೇರ್ರು ಬಂದಾಗ ನಾನೂ ಬರ್ಲೇನಪ್ಪ?" ಅಂದಳು.

ಬಾ ಅಂದಿದೀನಿ.